ಉದ್ರಿ ಪುಸ್ತಕದಲ್ಲಿ ಸಿಕ್ಕ ಖಟಾಯಿ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಕಡೆ ಬೇಕರಿಗಳ ಮುಂದೆ ಸ್ಟೀಲ್ ಡಬ್ಬಿಗಳು ಸಾಲುಗಟ್ಟುತ್ತಿದ್ದವು. ಮೈದಾ, ಸಕ್ಕರೆ, ಡಾಲ್ಡಾ ಎಲ್ಲವನ್ನೂ ಮನೆಯಿಂದಲೇ ಒಯ್ದು, ಭಟ್ಟಿಯವರಿಗೆ ಕೂಲಿ ಕೊಟ್ಟು ಖಟಾಯಿ ಮಾಡಿಸಿಕೊಂಡು ಬರುವುದು ರೂಢಿ. ಡಬ್ಬಿಯ ಮೇಲೆ ಎಣ್ಣೆ ಬಣ್ಣದಲ್ಲಿ ಮನೆತನದ ಹೆಸರು ಬರೆದಿರುತ್ತಿತ್ತು. ರಂಜಾನಿನ ಮುಂಚೆಯೂ ಅದೇ ಸಾಲು, ಹೆಸರುಗಳು ಮಾತ್ರ ಬೇರೆ. ಕಟ್ಟಿಗೆಯ ಭಟ್ಟಿಯಲ್ಲಿ ಮೊದಲು ಬ್ರೆಡ್ಡು, ಬನ್ನು ಬೇಯುತ್ತವೆ. ಅವು ಹೊರಬಿದ್ದ ಮೇಲೆ ಇಳಿಯುತ್ತಿರುವ ಕಾವಿನಲ್ಲಿ ಖಟಾಯಿಯ ಸರದಿ. ಏಕೆಂದರೆ ಖಟಾಯಿಗೆ ಜೋರು ಬೆಂಕಿ ಆಗಿಬರುವುದಿಲ್ಲ. ಮೇಲೆ ಕಂದಿ ಒಳಗೆ ಹಸಿ ಉಳಿಯುತ್ತದೆ.

ಬೆಂಗಳೂರಿನ ಅಂಗಡಿಗಳಲ್ಲಿ ಇದಕ್ಕೆ ನಾನ್‌ಖಟಾಯಿ ಎಂದು ಪೂರ್ತಿ ಹೆಸರಿದೆ. ‘ನಾನ್’ ಎಂದರೆ ಪಾರ್ಸಿ ಭಾಷೆಯಲ್ಲಿ ರೊಟ್ಟಿ. ಸೂರತ್ತಿನಲ್ಲಿ ಡಚ್ಚರು ಬಿಟ್ಟುಹೋದ ಬೇಕರಿಯೊಂದನ್ನು ಪಾರ್ಸಿ ಕುಟುಂಬವೊಂದು ಮುಂದುವರಿಸಿದಾಗ ಇದು ಹುಟ್ಟಿತು ಎಂಬ ಕಥೆ ಪ್ರಸಿದ್ಧ. ಸೂರತ್ತಿನಿಂದ ಅದು ಹಾನಗಲ್ಲಿನ ನಮ್ಮ ಮನೆಯ ಅಡುಗೆಕೋಣೆಗೆ ಯಾವ ದಾರಿ ಹಿಡಿದು ಬಂತೋ, ಅದರ ಕೊನೆಯ ಇಪ್ಪತ್ತು ಮೂವತ್ತು ಮೈಲಿಯ ದಾರಿಯನ್ನಷ್ಟೇ ನಾನು ಕಂಡುಕೊಂಡಿದ್ದೇನೆ. ಅದನ್ನೇ ಇಲ್ಲಿ ಹೇಳಹೊರಟಿದ್ದು.

ನಮ್ಮ ಅಜ್ಜಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿ ಒಂದು ವರ್ಷವೂ ಡಬ್ಬಿಯನ್ನು ಬೇಕರಿಗೆ ಕಳಿಸಿದವಳಲ್ಲ. ‘ಆ ಡಾಲ್ಡಾ ಖಟಾಯಿ ತಿಂದ್ರ ನಾಲಿಗಿಗೆ ಮೇಣ ಹತ್ತಿದಂಗ ಆಗತೈತಿ’ ಎನ್ನುವುದು ಅವಳ ತಕರಾರು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ಮೇಲೆ ನನಗೆ ಆ ಮಾತಿನ ಅರ್ಥವಾಯಿತು. ವನಸ್ಪತಿಯ ಒಂದು ಭಾಗ ನಮ್ಮ ಬಾಯಿಯ ಬಿಸಿಗೆ ಕರಗುವುದೇ ಇಲ್ಲ, ಹಾಗಾಗಿ ನಾಲಿಗೆಯ ಮೇಲೆ ಪದರವಾಗಿ ಉಳಿಯುತ್ತದೆ. ಅದರಲ್ಲಿನ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರಬಾರದು ಎಂಬ ನಿಯಮ ಬಂದದ್ದು 2022ರ ಜನವರಿಯಿಂದ. ಆಯಿ ಅದಕ್ಕೂ ಎಷ್ಟೋ ವರ್ಷ ಮೊದಲೇ ನಾಲಿಗೆಯಿಂದ ತೀರ್ಪು ಕೊಟ್ಟಾಗಿತ್ತು.

ಅವಳದು ಕೆಂಡದ ಖಟಾಯಿ. ದಪ್ಪ ತಳದ ಪಾತ್ರೆಯಲ್ಲಿ ಉಸುಕು ಹರವಿ, ಅದರ ಮೇಲೆ ತಾಟು ಇಟ್ಟು, ತಾಟಿನಲ್ಲಿ ಖಟಾಯಿ ಜೋಡಿಸಿ, ಮುಚ್ಚಳದ ಮೇಲೂ ಕೆಂಡ ಹಾಕುತ್ತಿದ್ದಳು. ಕೆಳಗಿನ ಕಾವಿಗಿಂತ ಮೇಲಿನದು ತುಸು ಹೆಚ್ಚಿರಬೇಕು. ದೀಪಾವಳಿಗೆ ಎರಡು ದಿನ ಮೊದಲು ಅತ್ತಿಯಂದಿರಿಬ್ಬರೂ ತವರಿಗೆ ಬರುತ್ತಿದ್ದರು. ದೊಡ್ಡತ್ತಿ ಶಿಗ್ಗಾಂವಿಯಿಂದ, ಸಣ್ಣತ್ತಿ ಹಿರೇಕೆರೂರಿನಿಂದ. ಹಬ್ಬ ಮುಗಿಸಿ ಹೋಗುವಾಗ ಇಬ್ಬರಿಗೂ ಒಂದೊಂದು ಡಬ್ಬಿ. ಮೂರನೆಯ ಡಬ್ಬಿ ಆಯಿಯ ತವರಾದ ಸವಣೂರಿಗೆ.

ಆಯಿ ತೀರಿಕೊಂಡ ವರ್ಷ ಮನೆಯಲ್ಲಿ ಸಿಹಿ ಮಾಡಲಿಲ್ಲ. ಮರುವರ್ಷ ಮಾಡಬಹುದಿತ್ತು. ಆದರೆ ಅಷ್ಟರಲ್ಲಿ ಬೇರೆ ಸಂಗತಿ ನಡೆದಿತ್ತು. ಅಜ್ಜನ ಹೆಸರಿನಲ್ಲಿದ್ದ ನಾಲ್ಕು ಎಕರೆ ಗದ್ದೆಯ ಖಾತೆ ಬದಲಿಸುವ ಮಾತು ಬಂದು, ಅಪ್ಪ ಇಬ್ಬರು ಅಕ್ಕತಂಗಿಯರಿಗೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಕೇಳಿದ್ದ. ದೊಡ್ಡತ್ತಿ ಕಣ್ಣೊರೆಸಿಕೊಳ್ಳುತ್ತ ಹಾಕಿದಳು. ಸಣ್ಣತ್ತಿ ಹಾಕಲಿಲ್ಲ. ಆ ದೀಪಾವಳಿಗೆ ಇಬ್ಬರೂ ಬರಲಿಲ್ಲ. ‘ಈ ಸಲ ಬೇಕರಿಯಿಂದ ತಂದ್ರಾತು’ ಎಂದ ಅಪ್ಪ. ಅವ್ವ ಮಾತಾಡಲಿಲ್ಲ. ಅರ್ಧ ಕೆಜಿ ಖಟಾಯಿಯ ಪೊಟ್ಟಣ ತುಳಸಿ ಲಗ್ನದವರೆಗೂ ಕಪಾಟಿನಲ್ಲಿ ಹಾಗೇ ಇತ್ತು.

ನಾನು ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವಳು. ಎರಡು ಪರೀಕ್ಷೆಗಳ ನಡುವೆ ಊರಿಗೆ ಬಂದಾಗ, ಸಂಕ್ರಾಂತಿಯ ಮುಂಚೆ ಜಂತಿಯ ಮೇಲಿನ ಟ್ರಂಕು ಇಳಿಸಿ ಒರೆಸುತ್ತಿದ್ದೆ. ಆಯಿಯ ಸೀರೆಗಳ ಕೆಳಗೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಸಿಕ್ಕಿತು. ಕೆಂಪು ರಟ್ಟು, ಉದ್ದನೆಯ ಹಾಳೆ. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಬರೆದದ್ದೆಲ್ಲ ಅಂಗಡಿಯವರು. ಆದರೆ ಪ್ರತಿ ವರ್ಷ ದೀಪಾವಳಿಯ ಹಿಂದಿನ ವಾರದ ಪುಟದಲ್ಲಿ ಒಂದೇ ಸಾಮಾನು, ಒಂದೇ ತೂಕ: ಮೈದಾ 2 ಕೆಜಿ, ಸಕ್ಕರೆ ಒಂದೂಕಾಲು ಕೆಜಿ, ಪುಟಾಣಿ ಕಾಲು ಕೆಜಿ, ಯಾಲಕ್ಕಿ 10 ಗ್ರಾಂ, ಚಾರೋಳಿ 20 ಗ್ರಾಂ, ತಿನ್ನೋ ಸೋಡಾ 1 ಪುಡಿ. ಆಯಿಯ ಬಾಯಲ್ಲಿ ಕೊನೆಯವರೆಗೂ ಚಟಾಕು, ಪಾವಶೇರು, ಅಚ್ಚೇರು ಎಂಬ ಲೆಕ್ಕವೇ ಇತ್ತು. ಹಳೆಯ ಸೇರು 80 ತೊಲೆ, ಅಂದರೆ ಸುಮಾರು 933 ಗ್ರಾಂ. ಅವಳು ಹೇಳಿದ್ದನ್ನು ಅಂಗಡಿಯವರು ಕೆಜಿಗೆ ತಿರುಗಿಸಿ ಬರೆದಿದ್ದರು. ಅವರು ಹಾಗೆ ಬರೆಯದಿದ್ದರೆ ನನ್ನ ಕೈಗೆ ಏನೂ ಸಿಗುತ್ತಿರಲಿಲ್ಲ.

ಪರೀಕ್ಷೆಗೆ ಓದುವವರಿಗೆ ದತ್ತಾಂಶ ವಿಶ್ಲೇಷಣೆಯ ಪ್ರಶ್ನೆ ಗೊತ್ತಲ್ಲ, ಒಂದು ಕಾಲಂ ಖಾಲಿ ಬಿಟ್ಟು ಉಳಿದದ್ದನ್ನು ಕೊಟ್ಟಿರುತ್ತಾರೆ. ಇದೂ ಹಾಗೆಯೇ. ಆ ಪಟ್ಟಿಯಲ್ಲಿ ತುಪ್ಪವೇ ಇಲ್ಲ! ತುಪ್ಪ ಮನೆಯ ಎಮ್ಮೆಯದು, ಅದಕ್ಕೆ ಉದ್ರಿ ಯಾಕೆ? ಆದರೆ ಖಟಾಯಿಯಲ್ಲಿ ತುಪ್ಪದ ಅಳತೆ ಗೊತ್ತಿಲ್ಲವೆಂದರೆ ಉಳಿದದ್ದೆಲ್ಲ ಗೊತ್ತಿದ್ದೂ ಪ್ರಯೋಜನವಿಲ್ಲ. ಅವ್ವನನ್ನು ಕೇಳಿದೆ. ‘ನಾ ಬರೇ ಕೆಂಡ ನೋಡಿಕೋತಿದ್ದೆ. ಕಲಸೂದು ಆಯಿ, ನಿಮ್ಮತ್ತಿಗೋಳು’ ಎಂದಳು.

ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಶಿಗ್ಗಾಂವಿಯ ಬಸ್ಸು ಹತ್ತಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಬಗ್ಗೆ ಏನೇನೋ ಚರ್ಚೆ ನಡೆಯುತ್ತದೆ. ನನಗಂತೂ ಆಧಾರ್ ಕಾರ್ಡು ತೋರಿಸಿ ನಾಲ್ಕು ತಾಲ್ಲೂಕು ಸುತ್ತಿಬರುವ ಧೈರ್ಯ ಕೊಟ್ಟಿದ್ದು ಆ ಶೂನ್ಯ ಟಿಕೆಟ್ಟೇ. ಕೆಲಸವಿಲ್ಲದ ಹುಡುಗಿ ಖಟಾಯಿ ಕಲಿಯಲೆಂದು ಅಪ್ಪನ ಹತ್ತಿರ ಬಸ್ಸಿನ ರೊಕ್ಕ ಕೇಳುವುದನ್ನು ಊಹಿಸಿಕೊಳ್ಳಿ. ಅದರಲ್ಲೂ ಹೊರಟದ್ದು ಯಾರ ಮನೆಗೆ?

ದೊಡ್ಡತ್ತಿ ಬಾಗಿಲಲ್ಲೇ ನಿಂತು, ‘ನಿಮ್ಮಪ್ಪ ಕಳಿಸ್ಯಾನೇನವ್ವಾ?’ ಎಂದು ಕೇಳಿದಳು. ಇಲ್ಲ ಎಂದ ಮೇಲೆ ಒಳಗೆ ಕರೆದು ಉಪ್ಪಿಟ್ಟು ಹಾಕಿಕೊಟ್ಟಳು. ತುಪ್ಪ ಎಷ್ಟು ಎಂಬ ಪ್ರಶ್ನೆಗೆ ಅವಳ ಉತ್ತರ: ‘ಹಿಟ್ಟು ಎಷ್ಟು ಕೇಳತೈತೋ ಅಷ್ಟು.’ ಇಂಥ ಉತ್ತರವನ್ನು ಓಎಂಆರ್ ಹಾಳೆಯಲ್ಲಿ ಎಲ್ಲಿ ತುಂಬುವುದು! ಅವಳ ಕೈಯನ್ನೇ ಅಳೆಯುವುದೆಂದು ತೀರ್ಮಾನಿಸಿದೆ. ಪಕ್ಕದ ಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ತಂದು, 200 ಗ್ರಾಂ ಮೈದಾ, 25 ಗ್ರಾಂ ಪುಟಾಣಿ ಹಿಟ್ಟು, 125 ಗ್ರಾಂ ಸಕ್ಕರೆ ಪುಡಿ ಇಟ್ಟೆ. ಉದ್ರಿ ಪುಸ್ತಕದ ಹತ್ತನೆಯ ಒಂದು ಪಾಲು. ತುಪ್ಪದ ಡಬ್ಬಿಯನ್ನು ಮೊದಲೇ ತೂಗಿಟ್ಟೆ. ಅತ್ತಿ ತುಪ್ಪ ಹಾಕುತ್ತ, ಕಲಸುತ್ತ, ಮತ್ತಷ್ಟು ಹಾಕುತ್ತ ಹೋದಳು. ‘ಮುಷ್ಟಿ ಕಟ್ಟಿದ್ರ ನಿಲ್ಲಬೇಕು. ಬಟ್ಟಿಲೆ ಒತ್ತಿದ್ರ ಅಂಚು ಬಿರಿಬೇಕು. ನಾದಬ್ಯಾಡ, ಇದು ಚಪಾತಿ ಅಲ್ಲ.’ ನಾದಿದರೆ ಹಿಟ್ಟಿನಲ್ಲಿ ಅಂಟು ಹುಟ್ಟಿ ಖಟಾಯಿ ಗಟ್ಟಿಯಾಗುತ್ತದೆ. ತುಪ್ಪ ಹಿಟ್ಟಿನ ಕಣಗಳನ್ನು ಸುತ್ತಿಕೊಂಡು ಆ ಅಂಟನ್ನು ತಡೆದರೇ ಅದು ಬಾಯಲ್ಲಿ ಪುಡಿಯಾಗುವುದು. ಡಬ್ಬಿಯನ್ನು ಮತ್ತೆ ತೂಗಿದೆ. ಕಡಿಮೆಯಾಗಿದ್ದದ್ದು 140 ಗ್ರಾಂ.

ಖಾಲಿ ಕಾಲಂ ತುಂಬಿತು. ಆದರೆ ಆ ದಿನದ ಖಟಾಯಿ ತಾಟಿನಲ್ಲಿ ರೊಟ್ಟಿಯ ಹಾಗೆ ಹರಡಿಕೊಂಡವು. ಏಪ್ರಿಲ್ಲಿನ ಬಿಸಿಲಿಗೆ ತುಪ್ಪ ಎಣ್ಣೆಯಂತಾಗಿತ್ತು. ‘ಆಯಿ ಬ್ಯಾಸಿಗ್ಯಾಗ ಎಂದೂ ಮಾಡ್ತಿರಲಿಲ್ಲ ನೋಡು’ ಎಂದಳು ಅತ್ತಿ. ರುಚಿ ಅದೇ ಇತ್ತು. ತುಣುಕು ಬಾಯಿಗಿಟ್ಟುಕೊಂಡವಳು ಎದ್ದು ಹಿತ್ತಲಿಗೆ ಹೋಗಿ, ಬಹಳ ಹೊತ್ತು ಬರಲಿಲ್ಲ.

ಮರುದಿನ ಸವಣೂರು. ಅಲ್ಲಿ ಆಯಿಯ ತಂಗಿ ಇದ್ದಾಳೆ, ನಮಗೆ ಸಣ್ಣಾಯಿ. ಸವಣೂರೆಂದರೆ ಜನ ಖಾರಾ ನೆನೆಯುತ್ತಾರೆ, ವೀಳ್ಯದೆಲೆ ನೆನೆಯುತ್ತಾರೆ. ಸಾಹಿತ್ಯ ಓದುವವರು ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರೆಂದು ನೆನೆಯುತ್ತಾರೆ. ಸಣ್ಣಾಯಿ ನನ್ನನ್ನು ಮೊದಲು ಕರೆದೊಯ್ದದ್ದು ದೊಡ್ಡ ಹುಣಸೆ ಮರಗಳ ಹತ್ತಿರ. ಮಠದ ಆವರಣದ ಆ ಮೂರು ಮರಗಳು ಆಫ್ರಿಕಾ ಮೂಲದವು. ಹೆಸರಿಗಷ್ಟೇ ಹುಣಸೆ, ಕಾಂಡ ತಬ್ಬಲು ಹತ್ತಾರು ಜನ ಬೇಕು. ಅದರ ನೆರಳಿನಲ್ಲೇ ಕುಳಿತು ಅವಳು ಹೇಳಿದ್ದು: ಖಟಾಯಿ ನಮ್ಮ ಮನೆತನದ್ದೇ ಅಲ್ಲ. ಚಿಕ್ಕವರಿದ್ದಾಗ ಅಕ್ಕತಂಗಿಯರಿಬ್ಬರೂ ಓಣಿಯ ಒಂದು ಮುಸಲ್ಮಾನರ ಮನೆಗೆ ಹಾಲು ಕೊಡಲು ಹೋಗುತ್ತಿದ್ದರಂತೆ. ಆ ಮನೆಯ ಹಿರಿಯಾಕೆ ರಂಜಾನ್ ಹೊತ್ತಿಗೆ ಕೆಂಡದ ಮೇಲೆ ಖಟಾಯಿ ಮಾಡುವಾಗ ಇವರನ್ನು ಕೆಂಡ ಬೀಸಲು ಕೂರಿಸಿಕೊಳ್ಳುತ್ತಿದ್ದಳು. ಆಯಿ ಹಾನಗಲ್ಲಿಗೆ ಸೊಸೆಯಾಗಿ ಹೋಗುವಾಗ ಆ ವಿದ್ಯೆ ಜೊತೆಗೆ ಹೋಯಿತು. ಅಲ್ಲಿ ಕಡಲೆಹಿಟ್ಟಿನ ಬದಲು ಪುಟಾಣಿ ಹಿಟ್ಟು ಸೇರಿಸಿದ್ದಷ್ಟೇ ಆಯಿಯ ಸ್ವಂತದ್ದು.

ನವಾಬರ ಊರಿನಲ್ಲಿ ಇದು ಆಶ್ಚರ್ಯದ ಸಂಗತಿಯೇನಲ್ಲ. ಆದರೂ ‘ನಮ್ಮ ಆಯಿಯ ಖಟಾಯಿ’ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದಕ್ಕೆ ಇನ್ನೊಬ್ಬ ಆಯಿ ಇದ್ದಾಳೆ, ಅವಳ ಹೆಸರು ಸಣ್ಣಾಯಿಗೂ ಈಗ ನೆನಪಿಲ್ಲ ಎಂಬುದು ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಸಣ್ಣಾಯಿಯಿಂದ ಇನ್ನೊಂದು ಗುಟ್ಟೂ ಸಿಕ್ಕಿತು: ಸೋಡಾದ ಜೊತೆ ಒಂದು ಚಮಚ ಗಟ್ಟಿ ಮೊಸರು. ಮೊಸರಿನ ಹುಳಿ ಸೋಡಾದೊಂದಿಗೆ ಸೇರಿ ಅನಿಲ ಬಿಡುತ್ತದೆ, ಅದರಿಂದಲೇ ಮೇಲಿನ ಆ ಬಿರುಕು. ‘ಬಿರುಕು ಇಲ್ಲದ ಖಟಾಯಿ ನಗಲಾರದ ಮಾರಿ ಇದ್ದಂಗ’ ಎಂದಳು.

ಹಿರೇಕೆರೂರಿಗೆ ಹೋಗುವುದು ನನಗೆ ಸುಲಭವಿರಲಿಲ್ಲ. ಹಂಸಭಾವಿ ದಾಟುವಾಗಲೂ ಇಳಿದು ವಾಪಸ್ಸಾಗಲೇ ಎಂದುಕೊಂಡೆ. ಸಣ್ಣತ್ತಿ ಸಿಟ್ಟಿನವಳಲ್ಲ, ಆದರೆ ಮರೆಯುವವಳೂ ಅಲ್ಲ. ಮೊದಲ ದಿನ ಖಟಾಯಿಯ ಮಾತನ್ನೇ ಎತ್ತಗೊಡಲಿಲ್ಲ. ರಾತ್ರಿ ಊಟವಾದ ಮೇಲೆ ಎದುರು ಕೂತು ಕೇಳಿದಳು: ‘ನೀ ಓದಿದಾಕಿ. ಕಾಯ್ದೆ ಏನೈತಿ ಹೇಳು.’

ಪರೀಕ್ಷೆಗೆಂದು ಎಷ್ಟು ಸಲ ಓದಿದ್ದೇನೋ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಜ್ಜ ತಾನೇ ಗಳಿಸಿದ್ದಾಗಿದ್ದು, ಉಯಿಲು ಬರೆಯದೆ ಹೋಗಿದ್ದರೂ ಮಕ್ಕಳಿಗೆಲ್ಲ ಸಮಪಾಲೇ. ಈ ಉತ್ತರವನ್ನು ಪತ್ರಿಕೆಯ ಮೇಲೆ ಗುರುತು ಹಾಕುವುದು ಬೇರೆ, ಅಪ್ಪನ ತಂಗಿಯ ಮುಖ ನೋಡಿ ಹೇಳುವುದು ಬೇರೆ. ಹೇಳಿದೆ. ಅತ್ತಿ ಗೆದ್ದವರ ಹಾಗೆ ನಗಲಿಲ್ಲ. ‘ನನಗೂ ಗೊತ್ತಿತ್ತವ್ವಾ. ನಿಮ್ಮ ಮನಿ ಬಾಯಿಂದ ಬರಲಿ ಅಂತಿದ್ದೆ. ನಾಳೆ ಇದನ್ನ ನಿಮ್ಮಪ್ಪಗೂ ಹೇಳ್ತಿ?’ ಎಂದಳು. ಹ್ಞೂಂ ಎಂದೆ.

ಮರುದಿನ ಬೆಳಗ್ಗೆ ಐದಕ್ಕೆ ಎಬ್ಬಿಸಿದಳು. ಅಟ್ಟದಿಂದ ಆಯಿಯ ಹಿತ್ತಾಳೆ ಪರಾತ ಇಳಿಸಿದ್ದಳು. ಆಯಿಯ ದಿನಕರ್ಮ ಮುಗಿದ ಮೇಲೆ ಅವಳು ಕೇಳಿ ಒಯ್ದಿದ್ದ ಒಂದೇ ವಸ್ತು ಅದು. ಅಗಲವಾದ ಬುಟ್ಟಿಯಲ್ಲಿ ಬಾವಿಯ ತಣ್ಣೀರು ತುಂಬಿ, ಅದರ ಮೇಲೆ ಪರಾತವನ್ನು ತೇಲಿಬಿಟ್ಟು, ತುಪ್ಪ ಹಾಕಿ ಅಂಗೈಯಿಂದ ತಿಕ್ಕತೊಡಗಿದಳು. ಹಿತ್ತಾಳೆ ಬಿಸಿಯನ್ನು ಬೇಗ ದಾಟಿಸುವ ಲೋಹ. ನೀರಿನ ತಂಪು ತುಪ್ಪಕ್ಕೆ ಕೂಡಲೇ ಏರುತ್ತದೆ. ಐದು ನಿಮಿಷಕ್ಕೆ ತುಪ್ಪ ಹರಳುಗಟ್ಟಿತು, ಸಕ್ಕರೆ ಪುಡಿ ಬೆರೆಸಿ ಮತ್ತೆ ಹದಿನೈದು ನಿಮಿಷ ತಿಕ್ಕಿದಾಗ ಬೆಳ್ಳಗೆ ನೊರೆಯಂತಾಯಿತು. ಆಮೇಲೆ ಒಂದು ಬಟ್ಟಲು ನೀರಿಗೆ ಅದರ ಹನಿ ಬಿಟ್ಟು, ‘ತೇಲಿದ್ರ ಸೈ’ ಎಂದಳು.

ನನ್ನ ತಲೆಯಲ್ಲಿ ರಸಾಯನಶಾಸ್ತ್ರ ಎದ್ದಿತು. ತುಪ್ಪ ಹೇಗಿದ್ದರೂ ತೇಲುತ್ತದಲ್ಲ, ಇದೆಂಥ ಪರೀಕ್ಷೆ? ಕಾಗದದ ಮೇಲೆ ಲೆಕ್ಕ ಹಾಕಿದೆ. ತುಪ್ಪದ ಸಾಂದ್ರತೆ 0.91ರಷ್ಟು, ಸಕ್ಕರೆಯದು 1.59. ಹೆಚ್ಚುಕಡಿಮೆ ಸಮ ಸೇರಿದರೆ ನೀರಿಗಿಂತ ಭಾರ, ಮುಳುಗಲೇಬೇಕು. ಅದು ತೇಲಿತೆಂದರೆ ಒಳಗೆ ಸಾಕಷ್ಟು ಗಾಳಿ ಸೇರಿದೆ ಎಂದರ್ಥ. ಸಕ್ಕರೆ ಬೆರೆಸಿದ ಮೇಲೆಯೇ ಹನಿ ಬಿಡಬೇಕೆಂದು ಅಕ್ಷರ ಬಾರದ ಆಯಿಗೆ ಗೊತ್ತಿತ್ತು. ಅವತ್ತಿನ ಖಟಾಯಿ ಹರಡಲಿಲ್ಲ, ಬ್ಯಾಸಿಗೆಯಾದರೂ. ಶಿಗ್ಗಾಂವಿಯಲ್ಲಿ ಇಲ್ಲದ್ದು ಈ ಪರಾತ ಮತ್ತು ತಣ್ಣೀರು.

ಬೆಂದದ್ದು ಹೇಗೆ ತಿಳಿಯುವುದು? ‘ಮೂಗು ಹೇಳತೈತಿ’ ಎಂದಳು ಅತ್ತಿ. ಮೊದಲು ತುಪ್ಪದ ವಾಸನೆ ಬರುತ್ತದೆ, ನಂತರ ಯಾಲಕ್ಕಿಯದು, ಕೊನೆಗೆ ಹುರಿದ ಹಿಟ್ಟಿನದು. ಮೂರನೆಯದು ಬಂದ ತಕ್ಷಣ ಮೇಲಿನ ಕೆಂಡ ತೆಗೆಯಬೇಕು. ಗ್ಯಾಸ್ ಒಲೆಯ ಮೇಲೆ, ಉಸುಕು ಹಾಕಿದ ದಪ್ಪ ಪಾತ್ರೆಯನ್ನು ಹತ್ತು ನಿಮಿಷ ಮೊದಲೇ ಕಾಯಿಸಿಟ್ಟುಕೊಂಡರೆ, ಸಣ್ಣ ಉರಿಯಲ್ಲಿ ಈಗ ನನಗೆ 25 ನಿಮಿಷ ಬೇಕು. ಬಿಸಿಯಿದ್ದಾಗ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಮತ್ತೆ ಇಡಬಾರದು. ಆರಿದ ಮೇಲೆಯೇ ಗರಿಗರಿ. 500 ಗ್ರಾಂ ಹಿಟ್ಟಿನ ಮುದ್ದೆಯಿಂದ 25 ಗ್ರಾಮಿನ 20 ಖಟಾಯಿ. ಹಾನಗಲ್ಲಿನದು ಅರೆಮಲೆನಾಡಿನ ಹವೆ. ಮಳೆಗಾಲದಲ್ಲಿ ಡಬ್ಬಿ ಬಿಗಿಯಿಲ್ಲದಿದ್ದರೆ ಎರಡೇ ದಿನಕ್ಕೆ ಮೆತ್ತಗಾಗುತ್ತವೆ.

ಇದನ್ನೇ ವ್ಯಾಪಾರ ಮಾಡು ಎಂದು ಗೆಳತಿಯರು ಹೇಳದೆ ಬಿಡಲಿಲ್ಲ. ನಿರುದ್ಯೋಗಿಗೆ ಎಲ್ಲದರಲ್ಲೂ ಸ್ಟಾರ್ಟಪ್ ಕಾಣಿಸುವ ಕಾಲವಿದು. ಲೆಕ್ಕ ಹಾಕಿ ನೋಡಿದೆ. ತುಪ್ಪಕ್ಕೆ ಕೆಜಿಗೆ 700 ರೂಪಾಯಿ ಹಿಡಿದರೂ 140 ಗ್ರಾಮಿಗೆ 98 ರೂಪಾಯಿ. ಉಳಿದ ಸಾಮಾನು, ಗ್ಯಾಸ್ ಸೇರಿಸಿದರೆ 20 ಖಟಾಯಿಗೆ 130ರ ಹತ್ತಿರ, ಒಂದಕ್ಕೆ ಆರೂವರೆ ರೂಪಾಯಿ. ಕೈಕೂಲಿ ಬೇರೆ. ಡಾಲ್ಡಾ ಖಟಾಯಿಯ ಎದುರು ಆ ದರಕ್ಕೆ ಪೇಟೆಯಲ್ಲಿ ನಿಲ್ಲುವುದು ಕಷ್ಟ. ಸದ್ಯ ಓದುವುದೇ ಲೇಸು.

ಊರಿಗೆ ಮರಳಿದ ದಿನವೇ ಅಪ್ಪನಿಗೆ ಹೇಳಿದೆ. ಅವ್ವ ಒಲೆಯ ಮುಂದೆ ಕೈ ನಿಲ್ಲಿಸಿ ಕೇಳುತ್ತಿದ್ದಳು. ‘ನನಗ ಕಾಯ್ದೆ ಕಲಸಾಕ ಬಂದೀಯೇನ?’ ಎಂದು ಅಪ್ಪ ಎದ್ದು ಗದ್ದೆಗೆ ಹೋದ. ಹದಿನೈದು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವನ ಕಷ್ಟವೂ ನನಗೆ ಗೊತ್ತು: ಇಬ್ಬರು ತಂಗಿ-ಅಕ್ಕಂದಿರ ಮದುವೆಯ ಸಾಲ ತೀರಿಸಿದವನು ಅವನೇ, ಅಜ್ಜ ಹಾಸಿಗೆ ಹಿಡಿದಾಗ ನೋಡಿಕೊಂಡವನೂ ಅವನೇ. ಅದೆಲ್ಲ ನಿಜ. ಆದರೆ ಅದಕ್ಕಾಗಿ ಪಾಲು ಇಲ್ಲವಾಗುವುದಿಲ್ಲ ಎಂದು ಆಗಲೂ ಅಂದುಕೊಂಡಿದ್ದೆ, ಈಗಲೂ ಅನ್ನುತ್ತೇನೆ. ನಾಳೆ ನಾನೂ ಒಂದು ಮನೆಯ ಮಗಳಾಗಿಯೇ ಆ ಕಾಗದದ ಮುಂದೆ ಕೂರಬೇಕಾದವಳು.

ಕಳೆದ ದೀಪಾವಳಿಗೆ ದೊಡ್ಡತ್ತಿ ಬಂದಳು. ಸಣ್ಣತ್ತಿ ಬರಲಿಲ್ಲ, ಪರಾತವನ್ನು ಮಾತ್ರ ಅವಳ ಮಗನ ಕೈಯಲ್ಲಿ ಕಳಿಸಿದಳು. ಉದ್ರಿ ಪುಸ್ತಕದ ಪೂರ್ತಿ ಅಳತೆ ಹಿಡಿದು, ಎರಡು ಕೆಜಿ ಮೈದಾ, ಒಂದು ಕೆಜಿ 400 ಗ್ರಾಂ ತುಪ್ಪ, ನಾನು ಮತ್ತು ದೊಡ್ಡತ್ತಿ ಕಲಸಿದೆವು, ಅವ್ವ ಕೆಂಡ ನೋಡಿಕೊಂಡಳು. ಇನ್ನೂರಕ್ಕೆ ನಾಲ್ಕು ಕಡಿಮೆ ಆದವು. ಆ ನಾಲ್ಕು ಎಲ್ಲಿ ಹೋದವೆಂದು ಅಪ್ಪನ ಅಂಗಿಯ ಮೇಲಿನ ಪುಡಿ ಹೇಳುತ್ತಿತ್ತು.

ಹಬ್ಬದ ಮರುದಿನ ಹಿರೇಕೆರೂರಿನ ಡಬ್ಬಿಯನ್ನು ಅಪ್ಪನೇ ಬಸ್ ಸ್ಟ್ಯಾಂಡಿಗೆ ಒಯ್ದು ಕಂಡಕ್ಟರನ ಕೈಗೆ ಕೊಟ್ಟುಬಂದ. ಜನವರಿಯಲ್ಲಿ 11ಇ ನಕ್ಷೆಗೆ ಅರ್ಜಿ ಹೇಗೆ ಹಾಕುವುದೆಂದು ನನ್ನನ್ನೇ ಕೇಳಿದ. ಎಷ್ಟು ಪಾಲಿನ ನಕ್ಷೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸರ್ವೆಯವರು ಇನ್ನೂ ಬಂದಿಲ್ಲ.

ಡಬ್ಬಿ ಮುಟ್ಟಿದ ಸಂಜೆ ಸಣ್ಣತ್ತಿಯ ಫೋನು ಬಂದಿತ್ತು. ‘ಯಾಲಕ್ಕಿ ಜಾಸ್ತಿ ಆಗೇತಿ. ಆಯಿ ಇಷ್ಟ ಹಾಕ್ತಿರಲಿಲ್ಲ’ ಎಂದಳು. ಪಕ್ಕದಲ್ಲೇ ಇದ್ದ ದೊಡ್ಡತ್ತಿ, ‘ಸುಳ್ಳ ಅಕಿ. ಯಾಲಕ್ಕಿ ಸಾಲೂದಿಲ್ಲ’ ಎಂದಳು. ಉದ್ರಿ ಪುಸ್ತಕ ತೆರೆದು ಇಬ್ಬರಿಗೂ ಓದಿ ಹೇಳಿದೆ: ಎರಡು ಕೆಜಿಗೆ 10 ಗ್ರಾಂ, ಹಾಕಿದ್ದೂ ಅಷ್ಟೇ. ಇಬ್ಬರೂ ಒಪ್ಪಲಿಲ್ಲ. ಅಂಗಡಿಯವರು ಬರೆದದ್ದು ಕೊಂಡದ್ದರ ಲೆಕ್ಕ, ಹಾಕಿದ್ದರ ಲೆಕ್ಕ ಯಾರು ಬರೆದಿದ್ದಾರೆ ಎಂದಳು ಸಣ್ಣತ್ತಿ. ಆಮೇಲೆ ಪರಾತದ ಮಾತು ತೆಗೆದಳು. ಅದಕ್ಕೆ ಕಲಾಯಿ ಹಾಕಿಸಬೇಕಂತೆ. ಹಿರೇಕೆರೂರಿನಲ್ಲಿ ಕಲಾಯಿಯವರು ಈಗ ಬರುವುದಿಲ್ಲ, ಹಾನಗಲ್ಲಿನಲ್ಲಿ ಯಾರಾದರೂ ಸಿಕ್ಕರೆ ನೋಡು, ಪಂಚಮಿಯೊಳಗೆ ನನಗದು ವಾಪಸ್ ಬೇಕು ಎಂದಳು.